ಹೊಸ್ತಿಲಾಚೆಯ ಬೂಟು

ಬಸವೇಶ್ವರನಗರದ ಆ ಅಡ್ಡರಸ್ತೆಯಲ್ಲಿ ಯಾವ ಮನೆಯ ಮುಂದೆ ನೋಡಿದರೂ ಮೆಟ್ಟಿಲ ಬುಡದಲ್ಲಿ ಚಪ್ಪಲಿ, ಶೂಗಳ ರಾಶಿ ಬಿದ್ದಿರುತ್ತದೆ. ಮಳೆಗಾಲದಲ್ಲಿ ಅವು ನೆನೆಯುತ್ತವೆ, ಒಣಗುತ್ತವೆ, ಮತ್ತೆ ನೆನೆಯುತ್ತವೆ. ಒಳಗೆ ಮಾತ್ರ ಬರುವುದಿಲ್ಲ. ರಾಮಮ್ಮನ ಮನೆಯಲ್ಲಂತೂ ಈ ವಿಷಯದಲ್ಲಿ ರಿಯಾಯಿತಿಯೇ ಇಲ್ಲ. ಹೊಸ ಜೋಡು ತಂದರೂ ಡಬ್ಬಿ ಸಮೇತ ಮೆಟ್ಟಿಲ ಕೆಳಗೆ, ಕರೆಂಟು ಮೀಟರಿನ ಪಕ್ಕ ಇಡಬೇಕು.

ಆ ಶುಕ್ರವಾರ ಸಂಜೆ ಸೊಸೆ ಸುಮಾ ಲ್ಯಾಬಿನ ಕೆಲಸ ಮುಗಿಸಿ ಬಂದಾಗ, ಮೈದುನ ಕಿಟ್ಟಿ ಆ ಮೀಟರಿನ ಕೆಳಗೆ ಕುಕ್ಕರುಗಾಲಲ್ಲಿ ಕೂತು ಏನನ್ನೋ ಎಳೆಯುತ್ತಿದ್ದ. ಗೋಣಿಚೀಲದಲ್ಲಿ ಸುತ್ತಿದ್ದ ಗಂಟು. ಬಿಚ್ಚುವ ಮೊದಲೇ ಅದೇನೆಂದು ಅವಳಿಗೆ ಗೊತ್ತಾಯಿತು. ಕಳೆದ ವರ್ಷ ಗಂಡ ಮಹದೇವ ಆಸ್ಪತ್ರೆ ಸೇರಿದ ದಿನ ಅವಳೇ ಸುತ್ತಿಟ್ಟ ಬೂಟುಗಳು. ಮೊಣಕಾಲಿನ ಹತ್ತಿರದವರೆಗೆ ಬರುವ, ಗಟ್ಟಿ ಪ್ಲಾಸ್ಟಿಕ್ ಕವಚದ, ಪಕ್ಕದಲ್ಲಿ ಬಕಲ್‌ಗಳಿರುವ ಬೂಟು. ಮಣ್ಣಿನ ದಾರಿಯಲ್ಲಿ, ಕಲ್ಲು ಗುಡ್ಡದಲ್ಲಿ ಬೈಕ್ ಓಡಿಸುವವರು ಹಾಕುವಂಥದ್ದು.

"ಅದನ್ಯಾಕೆ ತೆಗೀತಿದೀಯ ಕಿಟ್ಟಿ?"

"ನಾಡಿದ್ದು ಭಾನುವಾರ ಹುಡುಗ್ರು ತಾವರೆಕೆರೆ ಕಡೆ ಹೋಗ್ತಾ ಇದೀವಿ ಅತ್ತಿಗೆ. ಫ್ರೆಂಡ್ ಸುಘೋಷ್ ಗಾಡಿ ಕೊಡ್ತಾನೆ. ಒಳ್ಳೇ ಬೂಟು, ಸುಮ್ನೆ ಕೊಳೀತಾ ಇದೆ."

ಸುಮಾ ಬಾಗಿಲ ಕಡೆ ನೋಡಿದಳು. ಒಳಗೆ ಮಹದೇವ ಕುರ್ಚಿಯಲ್ಲಿ ಕೂತು ಎಡಗಾಲನ್ನು ಮಣೆಯ ಮೇಲೆ ನೀಡಿಕೊಂಡಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು. ಅಪಾರ್ಟ್‌ಮೆಂಟುಗಳ ತುದಿಯ ಮಷೀನ್ ರೂಮಿಗೆ ಏಣಿ ಹತ್ತಿ, ಕೆಳಗಿನ ಗುಂಡಿಗೆ ಇಳಿದು ಕೆಲಸ ಮಾಡುತ್ತಿದ್ದವನು. ಭಾನುವಾರ ಮಾತ್ರ ತನ್ನದು ಎಂದು ಗೆಳೆಯರ ಜೊತೆ ಮಣ್ಣಿನ ದಾರಿ ಹಿಡಿಯುತ್ತಿದ್ದ. ಒಂದು ಭಾನುವಾರ ಮಳೆನೀರು ಕೊರೆದ ಕೊರಕಲಿನಲ್ಲಿ ಗಾಡಿ ವಾಲಿತು. ಪಾದದ ಕೀಲು ಒಡೆಯಿತು. ಪ್ಲೇಟು, ಸ್ಕ್ರೂ ಹಾಕಿದರು. ಮೂಳೆ ಕೂಡಿಕೊಂಡಿತು, ಆದರೆ ಪಾದ ಮೊದಲಿನ ಹಾಗೆ ಬಾಗಲಿಲ್ಲ. ಏಣಿ ಹತ್ತಲಾಗದವನನ್ನು ಕಂಪನಿಯವರು ಫೋನಿನ ಮುಂದೆ ಕೂರಿಸಿದರು. ಈಗ ವಿಜಯನಗರದ ಮೆಟ್ರೊ ನಿಲ್ದಾಣದಲ್ಲಿ ಮುದುಕರ ಜೊತೆ ನಿಂತು ಲಿಫ್ಟಿಗೆ ಕಾಯುತ್ತಾನೆ. ಅದರ ಬಾಗಿಲು ಕಿರುಗುಟ್ಟಿದರೆ ಯಾವ ಭಾಗ ಸವೆದಿದೆ ಎಂದು ಅವನಿಗೆ ತಿಳಿಯುತ್ತದೆ. ಯಾರಿಗೂ ಹೇಳುವುದಿಲ್ಲ.

ರಾಮಮ್ಮ ಬಾಗಿಲಿಗೆ ಬಂದು ಬೂಟು ನೋಡಿದರು. ಮುಖ ಕಪ್ಪಾಯಿತು.

"ಆ ಶನಿವಾರದ ಜೋಡನ್ನ ಮತ್ತೆ ಯಾಕೋ ಮುಟ್ಟಿದೆ? ಅವತ್ತೇ ಬಡ್ಕೊಂಡೆ. ಶನಿವಾರ ಚರ್ಮ, ಕಬ್ಬಿಣ, ಎಣ್ಣೆ ಮನೆಗೆ ತರಬಾರದು ಅಂತ. ನಿಮ್ಮಣ್ಣ ಕೇಳ್ದನಾ? ಅನುಭವಿಸಿದ."

"ಅಮ್ಮ, ಇದರಲ್ಲಿ ಚರ್ಮಾನೇ ಇಲ್ಲ, ಪ್ಲಾಸ್ಟಿಕ್ಕು" ಎಂದ ಕಿಟ್ಟಿ.

"ಶನೀಶ್ವರನ ಹತ್ರ ಹೋಗಿ ಹೇಳು, ಪ್ಲಾಸ್ಟಿಕ್ಕು ಅಂತ."

"ಬೂಟ್ ಏನ್ ಮಾಡುತ್ತಮ್ಮ? ಅಣ್ಣಂದು ಬ್ಯಾಡ್ ಲಕ್. ಬೀಳೋ ಟೈಮಲ್ಲಿ ಯಾವ ಬೂಟ್ ಹಾಕಿದ್ರೂ ಅಷ್ಟೇ."

ಮಹದೇವ ತಲೆ ಎತ್ತಲಿಲ್ಲ. ಒಂದು ವರ್ಷದಿಂದ ಈ ಮನೆಯಲ್ಲಿ ಇರುವುದು ಎರಡೇ ವಿವರಣೆ: ಅಮ್ಮನ ಶನಿವಾರ, ತಮ್ಮನ ಬ್ಯಾಡ್ ಲಕ್. ಎರಡಕ್ಕೂ ಅವನು ತಲೆಯಾಡಿಸುತ್ತ ಬಂದಿದ್ದ. ಸುಮಾ ಮಾತ್ರ ಆ ಬೂಟನ್ನೇ ನೋಡುತ್ತಿದ್ದಳು. ನಾಡಿದ್ದು ಇನ್ನೊಂದು ಕಾಲು ಅದೇ ಬೂಟಿನೊಳಗೆ ಹೋಗುತ್ತದೆ.

ಅಷ್ಟರಲ್ಲಿ ಸಂಘಮಿತ್ರಾ ಬಂದಳು. ಮೂಲೆಯ ಕ್ಲಿನಿಕ್ಕಿನ ಫಿಸಿಯೋಥೆರಪಿಸ್ಟ್. ವಾರಕ್ಕೊಮ್ಮೆ ಮನೆಗೇ ಬಂದು ಮಹದೇವನ ಪಾದಕ್ಕೆ ವ್ಯಾಯಾಮ ಮಾಡಿಸುತ್ತಿದ್ದಳು. ಈ ಕೆಲಸಕ್ಕೆ ಮುಂಚೆ ಮಣ್ಣಿನ ರೇಸುಗಳಲ್ಲಿ ಆಂಬುಲೆನ್ಸ್ ಪಕ್ಕದ ಡೇರೆಯಲ್ಲಿ ಕೂತು, ಬಿದ್ದು ಬಂದವರ ಕಾಲು ನೋಡುತ್ತಿದ್ದವಳು. ಮೆಟ್ಟಿಲ ಬಳಿ ಬೂಟು ಕಂಡು ನಿಂತಳು.

"ಇದೇನಾ ಅವತ್ತು ಹಾಕಿದ್ದು?"

"ಇದೇ. ಈಗ ಇವನು ಹಾಕ್ಕೊಂಡು ಹೋಗ್ತಾನಂತೆ" ಎಂದಳು ಸುಮಾ.

ಸಂಘಮಿತ್ರಾ ಎಡಗಾಲಿನ ಬೂಟನ್ನು ಎತ್ತಿ ಬೆಳಕಿಗೆ ಹಿಡಿದಳು. ಬಕಲ್‌ಗಳ ಪಟ್ಟಿ ನೋಡಿದಳು. ಎಲ್ಲವನ್ನೂ ಕಟ್ಟಕಡೆಯ ಹಲ್ಲಿನವರೆಗೆ ಎಳೆದು ಎಳೆದು ಅಲ್ಲೇ ಗುರುತು ಬಿದ್ದಿತ್ತು. ಬೂಟನ್ನು ಅಲ್ಲೇ ಇಟ್ಟು, ಒಳಗೆ ಬಂದು ಮಹದೇವನ ಎದುರು ನೆಲದ ಮೇಲೆ ಕೂತು, ಅವನ ಪಾದವನ್ನು ಕೈಗೆ ತೆಗೆದುಕೊಂಡಳು.

"ಮಹದೇವ್, ಬೂಟು ಲೂಸಾಗಿತ್ತಾ?"

"ಸ್ವಲ್ಪ. ನನ್ನ ಸೈಜ್ ಇರಲಿಲ್ಲ. ಒಂದು ಸೈಜ್ ದೊಡ್ಡದು ತಗೊಳ್ಳಿ, ದಪ್ಪ ಸಾಕ್ಸ್ ಹಾಕಿದ್ರೆ ಸರಿಹೋಗುತ್ತೆ ಅಂದ ಅಂಗಡಿಯವನು. ಎರಡು ಜೊತೆ ಸಾಕ್ಸ್ ಹಾಕ್ತಿದ್ದೆ."

"ಗಾಡಿ ಕಾಲ ಮೇಲೆ ಬಿದ್ದಾಗ ಏನಾಯ್ತು?"

ಮಹದೇವ ಕಿಟಕಿ ಕಡೆ ನೋಡಿದ. "ಬೂಟು ಕೊರಕಲಲ್ಲಿ ಸಿಕ್ಕಿಕೊಂಡು ನೆಟ್ಟಗೆ ನಿಂತಿತ್ತು. ಬೂಟಿಗೆ ಏನೂ ಆಗಲಿಲ್ಲ ಅನ್ಸುತ್ತೆ. ಒಳಗಡೆ ಕಾಲು ತಿರುಗ್ತು. ತಿರುಗೋದು ನನಗೆ ಗೊತ್ತಾಗ್ತಾ ಇತ್ತು."

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿ ಸುಮ್ಮನಾಯಿತು.

"ಆ ಬೂಟಿನ ಪಕ್ಕದಲ್ಲಿ ಒಂದು ಕೀಲು ಇದೆ" ಎಂದಳು ಸಂಘಮಿತ್ರಾ. "ನಮ್ಮ ಪಾದದ ಕೀಲು ಎಲ್ಲಿ ಬಾಗುತ್ತೋ, ಬೂಟಿನ ಕೀಲೂ ಸರಿಯಾಗಿ ಅಲ್ಲೇ ಬಾಗಬೇಕು. ಕಾಲು ಹಿಂದೆ ಮುಂದೆ ಬಾಗೋಕೆ ಬಿಡುತ್ತೆ, ಪಕ್ಕಕ್ಕೆ ತಿರುಗೋಕೆ ಬಿಡಲ್ಲ. ಆದರೆ ಬೂಟು ದೊಡ್ಡದಾದ್ರೆ ಅದರ ಕೀಲು ಒಂದು ಕಡೆ, ನಮ್ಮ ಕೀಲು ಒಂದು ಕಡೆ. ಹಿಮ್ಮಡಿ ಮೇಲಕ್ಕೆ ಏಳುತ್ತೆ. ಆಮೇಲೆ ಬೂಟು ಬರೀ ಡಬ್ಬ, ಒಳಗೆ ಕಾಲು ಆಡ್ತಾ ಇರುತ್ತೆ."

ಬಾಗಿಲಲ್ಲೇ ನಿಂತಿದ್ದ ಕಿಟ್ಟಿ ನಕ್ಕ. "ಹಂಗಾದ್ರೆ ನನಗೆ ಸರಿಹೋಯ್ತು ಮೇಡಂ. ನನ್ನ ಪಾದ ಅಣ್ಣಂಗಿಂತ ಒಂದು ಸೈಜ್ ದೊಡ್ಡದು. ಅಣ್ಣಂಗೆ ದೊಡ್ಡದಾಗಿದ್ದು ನಂಗೆ ಫಿಟ್ಟು."

"ಹಾಕ್ಕೊಂಡು ನೋಡಿದ್ಯಾ?"

"ಮೆಟ್ಟಿಲ ಮೇಲೆ ಕೂತು ಹಾಕ್ದೆ. ಬೆರಳು ಮುಂದೆ ತಾಗಲ್ಲ."

"ಕೂತು ಹಾಕಿದ್ರೆ ಏನೂ ಗೊತ್ತಾಗಲ್ಲ. ಹಾಕ್ಕೊಂಡು ನಡಿ, ಕುಕ್ಕರುಗಾಲಲ್ಲಿ ಕೂರು, ಮೆಟ್ಟಿಲು ಹತ್ತಿ ಇಳಿ. ಒಂದು ಅರ್ಧ ಗಂಟೆ ಆದ್ರೂ ಮನೆಯೊಳಗೆ ಓಡಾಡು. ಆವಾಗ ಬೂಟು ತಾನೇ ಹೇಳುತ್ತೆ. ಹೊಸ ಬೂಟು ತಂದಾಗ್ಲೂ ಹಿಂಗೇ ಮಾಡಬೇಕು. ಹೊರಗೆ ಹಾಕ್ಕೊಂಡು ಹೋಗಿ ಮಣ್ಣಾದ್ರೆ ಅಂಗಡಿಯವರು ಬದಲಾಯಿಸಿಕೊಡಲ್ಲ. ಮನೆಯೊಳಗೆ ನಡೆದ್ರೆ ಹೊಸದಾಗೇ ಇರುತ್ತೆ."

"ಮನೆಯೊಳಗೆ ಜೋಡಾ?" ರಾಮಮ್ಮ ಸೆರಗು ಸರಿಪಡಿಸಿಕೊಂಡರು. "ಏನ್ ಮಾತಾಡ್ತೀಯಮ್ಮ ನೀನು. ದೇವರಿರೋ ಮನೆ."

ಆಗ ಸುಮಾಗೆ ಆ ದಿನಗಳು ಒಂದೊಂದಾಗಿ ನೆನಪಾದವು. ಶನಿವಾರ ಬೂಟು ಬಂತು. ಒಳಗೆ ತರಬೇಡ ಎಂದರು ಅತ್ತೆ. ದೋಷ ಕಳೆಯಲಿ, ಅಮಾವಾಸ್ಯೆ ಆಗುವವರೆಗೆ ಕಾಲಿಗೇ ಹಾಕಬೇಡ ಎಂದರು. ಮಹದೇವನಿಗೆ ನಗು ಬಂದರೂ ಅಮ್ಮನ ಮಾತು ಮೀರಲಿಲ್ಲ. ಡಬ್ಬಿ ಮೀಟರಿನ ಪಕ್ಕ ಕೂತಿತ್ತು. ಬದಲಾಯಿಸಿಕೊಡಲು ಅಂಗಡಿಯವನು ಕೊಟ್ಟ ವಾರದ ಗಡುವು ಹಾಗೇ ಮುಗಿಯಿತು. ಅಮಾವಾಸ್ಯೆ ಕಳೆದ ಭಾನುವಾರ ಮಹದೇವ ಆ ಬೂಟಿನಲ್ಲಿ ಮೊದಲ ಹೆಜ್ಜೆ ಇಟ್ಟದ್ದು ಮಣ್ಣಿನ ದಾರಿಯಲ್ಲೇ.

ಅವಳು ಇದನ್ನು ಹೇಳಬಾರದು ಎಂದುಕೊಂಡಳು. ಮಹದೇವನೇ ಹೇಳಿದ. ಸಿಟ್ಟಿನಿಂದಲ್ಲ, ಲಿಫ್ಟ್ ಯಾಕೆ ನಿಂತಿತು ಎಂದು ಗಿರಾಕಿಗೆ ಹೇಳುವ ದನಿಯಲ್ಲಿ.

"ಅಮ್ಮ, ಅವತ್ತು ಹಾಲ್‌ನಲ್ಲಿ ಹತ್ತು ಹೆಜ್ಜೆ ನಡೆದಿದ್ರೆ ಗೊತ್ತಾಗೋದು. ಮಾರನೇ ದಿನಾನೇ ವಾಪಸ್ ಕೊಡ್ತಿದ್ದೆ."

ರಾಮಮ್ಮನ ಕೈ ಬಾಗಿಲ ಚೌಕಟ್ಟಿನ ಮೇಲೆ ನಿಂತಿತು. "ಹಂಗಂದ್ರೆ... ನಿನ್ನ ಕಾಲು ನಾನು ಮುರಿದೆ ಅಂತೀಯಾ?"

"ಹಂಗಲ್ಲಮ್ಮ."

"ಮತ್ತೆ ಹೆಂಗೆ?"

ಸಂಘಮಿತ್ರಾ ಮೆಲ್ಲಗೆ ಹೇಳಿದಳು, "ಅಮ್ಮ, ನಿಮಗೆ ಯಾರಾದ್ರೂ ಹೇಳಿದ್ರಾ, ಇಂಥ ಬೂಟು ನಡೆದು ನೋಡದೆ ಹಾಕಬಾರದು ಅಂತ? ಹೇಳಿರಲಿಲ್ಲ. ಅಂಗಡಿಯವನೂ ಹೇಳಲಿಲ್ಲ, ಇವರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಯ್ತಲ್ಲ. ಕಿಟ್ಟಿಗಾದ್ರೂ ಅದು ಉಪಯೋಗ ಆಗಲಿ."

ರಾಮಮ್ಮ ಒಳಗೆ ಹೋದರು. ದೇವರ ಮನೆಯ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಅಳುತ್ತಿದ್ದಾರೆ ಎಂದುಕೊಂಡು ಸುಮಾ ಎದ್ದಳು. ಆದರೆ ಅವರು ಹೊರಗಿನಿಂದಲೇ ಆ ಬಾಗಿಲು ಮುಚ್ಚಿ, ಹಳೆಯ ಜಮಖಾನೆ ಹೊತ್ತುಕೊಂಡು ಬಂದರು. ಹೊಸ್ತಿಲಿನಿಂದ ಹಾಲ್‌ನ ಕೊನೆಯ ಗೋಡೆಯವರೆಗೆ ಹಾಸಿದರು.

"ಬೂಟಿನ ಅಡಿ ಒರೆಸ್ಕೊಂಡು ಬಾ" ಎಂದರು ಕಿಟ್ಟಿಗೆ. "ಹೊಸ್ತಿಲು ಮಾತ್ರ ತುಳೀಬೇಡ. ದಾಟು."

ಕಿಟ್ಟಿ ತಮಾಷೆ ಮಾಡಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬೂಟು ಹಾಕಿಕೊಂಡು, ಒಂದೊಂದೇ ಕಾಲು ಎತ್ತಿ ಒಳಗೆ ಬಂದ. ಜಮಖಾನೆಯ ಮೇಲೆ ದಪ್ ದಪ್ ಎಂದು ನಡೆದ. ರಾಮಮ್ಮ ಗೋಡೆಗೆ ಒರಗಿ ನೋಡುತ್ತಿದ್ದರು.

"ಬೆರಳು ಆಡ್ಸು. ಮುಂದೆ ತಾಗುತ್ತಾ?" ಸಂಘಮಿತ್ರಾ ಕೇಳಿದಳು.

"ಇಲ್ಲ. ಒಂದು ಬೆರಳಷ್ಟು ಜಾಗ ಇದೆ."

"ಒಳ್ಳೇದು. ಈಗ ತುದಿಗಾಲಲ್ಲಿ ನಿಲ್ಲು. ಹಿಮ್ಮಡಿ ಏಳುತ್ತಾ?"

ಕಿಟ್ಟಿ ನಿಂತ. ಮುಖ ಸ್ವಲ್ಪ ಬದಲಾಯಿತು. "ಏಳುತ್ತೆ."

"ಎಷ್ಟು?"

"ಜಾಸ್ತೀನೇ. ಚಪ್ಪಲಿ ಥರ."

"ಬಕಲ್ ಇನ್ನೂ ಬಿಗಿ ಮಾಡು."

"ಕೊನೇ ಹಲ್ಲಿಗೇ ಇದೆ ಮೇಡಂ."

ಉದ್ದ ಸರಿಯಿತ್ತು. ಆದರೆ ಕಿಟ್ಟಿಯ ಕಾಲು ಸಪೂರ. ಬೂಟಿನ ಬಾಯಿ ಅಗಲ. ಮೀನಖಂಡದ ಹತ್ತಿರ ಎರಡು ಬೆರಳು ಇಳಿಯುವಷ್ಟು ಸಡಿಲ. ಕುಕ್ಕರುಗಾಲಲ್ಲಿ ಕೂರಲು ಹೋದಾಗ ಎಡಗಾಲಿನ ಬೂಟಿನಿಂದ ಕಟ್ ಎಂದಿತು. ಸಂಘಮಿತ್ರಾ ಬಗ್ಗಿ ಬಟ್ಟೆಯಿಂದ ಮಣ್ಣು ಒರೆಸಿದಳು. ಬೂಟಿನ ಕೀಲಿನ ಸುತ್ತ ಕೂದಲೆಳೆಯಷ್ಟು ಬಿರುಕು. ಮಹದೇವ ಬಿದ್ದಾಗ ಬೂಟಿಗೂ ಏಟು ಬಿದ್ದಿತ್ತು. ಒಂದು ವರ್ಷದಿಂದ ಮಣ್ಣು ಅದನ್ನು ಮುಚ್ಚಿಟ್ಟಿತ್ತು.

"ಇದು ಇನ್ಯಾರ ಕಾಲಿಗೂ ಬೇಡ" ಎಂದಳು ಅವಳು.

ಕಿಟ್ಟಿ ಬೂಟು ಬಿಚ್ಚಿ ಸುಘೋಷನಿಗೆ ಫೋನ್ ಮಾಡಿದ. ಆ ಕಡೆಯ ಮಾತು ಎಲ್ಲರಿಗೂ ಕೇಳುತ್ತಿತ್ತು.

"ಏನ್ ಮಗಾ, ಬೂಟ್ ಇಲ್ಲ ಅಂತ ಬರಲ್ವಾ? ಮದುವೆ ಹುಡುಗನ ಥರ ಆಡ್ತೀಯಲ್ಲೋ. ಸ್ಪೋರ್ಟ್ಸ್ ಶೂ ಹಾಕ್ಕೊಂಡು ಬಾ."

"ಇಲ್ಲ ಗುರು. ಈ ಭಾನುವಾರ ಇಲ್ಲ."

"ಅಮ್ಮ ಬಿಡಲಿಲ್ವಾ?"

ಕಿಟ್ಟಿ ಅಣ್ಣನ ಪಾದದ ಕಡೆ ನೋಡಿದ. ಸಂಘಮಿತ್ರಾ ಅದನ್ನು ಮೇಲಕ್ಕೆ ಬಾಗಿಸುತ್ತಿದ್ದಳು. ಒಂದು ಮಟ್ಟಕ್ಕೆ ಬಂದು ಅದು ನಿಂತುಬಿಡುತ್ತಿತ್ತು, ಬಾಗಿಲಿಗೆ ಕಲ್ಲು ಅಡ್ಡ ಬಂದ ಹಾಗೆ. "ಹೌದು ಕಣೋ, ಬಿಡಲಿಲ್ಲ" ಎಂದು ಫೋನ್ ಇಟ್ಟ.

ಮುಂದಿನ ವಾರ ಅಣ್ಣ ತಮ್ಮ ಇಬ್ಬರೂ ರಾಜಾಜಿನಗರದ ಅಂಗಡಿಯೊಂದಕ್ಕೆ ಹೊರಟರು. ಸಂಜೆಯೇ ಹೋಗಬೇಕೆಂದು ಸಂಘಮಿತ್ರಾ ಹೇಳಿದ್ದಳು. ದಿನವೆಲ್ಲ ಓಡಾಡಿದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ, ಆ ಅಳತೆಯೇ ಗಾಡಿ ಮೇಲೂ ನಿಜವಾದ ಅಳತೆ. ಗಾಡಿ ಓಡಿಸುವಾಗ ಹಾಕುವ ಉದ್ದನೆಯ ಸಾಕ್ಸ್, ಪ್ಯಾಂಟು, ಮೊಣಕಾಲಿನ ಗಾರ್ಡು, ಎಲ್ಲವನ್ನೂ ಸುಮಾ ಚೀಲಕ್ಕೆ ತುಂಬಿದಳು. ತಾನೂ ಜೊತೆಗೆ ಹೊರಟಳು. ಯಾವ ವಾರ ಎಂದು ರಾಮಮ್ಮ ಕೇಳಲಿಲ್ಲ. ಆದರೂ ಮೂವರೂ ಶನಿವಾರ ಬಿಟ್ಟು ಗುರುವಾರವೇ ಹೋದರು.

ಅಂಗಡಿಯ ಶ್ರೀಶೈಲ ಬಾಗಲಕೋಟೆ ಕಡೆಯವನು, ಮಾತುಗಾರ. ಎರಡೂ ಪಾದ ಅಳೆದ. ಕಿಟ್ಟಿಯ ಬಲಪಾದ ಎಡಕ್ಕಿಂತ ಚೂರು ಉದ್ದ. ದೊಡ್ಡ ಪಾದಕ್ಕೆ ತಕ್ಕ ಬೂಟು ತೆಗೆದ. ಮೊದಲ ಜೋಡಿಯಲ್ಲಿ ಹೆಬ್ಬೆರಳು ಮುಂದೆ ಒತ್ತಿತು. ಎರಡನೆಯದು ಬೇರೆ ಕಂಪನಿಯದು. ನಂಬರು ಅದೇ ಆದರೂ ಒಳಗೆ ಅಗಲ. ಮೂರನೆಯದು ಸರಿಯಿತ್ತು, ಆದರೆ ಬೇಕಾದ ಅಳತೆ ಇರಲಿಲ್ಲ.

"ಒಂದ್ ಸೈಜ್ ದೊಡ್ಡದು ಐತ್ರಿ. ದಪ್ಪನ ಸಾಕ್ಸ್ ಹಾಕ್ಕೊಂಡ್ರ ನಡೀತೈತಿ" ಎಂದ ಶ್ರೀಶೈಲ.

ಸುಮಾ ಗಂಡನನ್ನು ನೋಡಿದಳು. ಮಹದೇವ ಕೋಲಿನ ಹಾಗೆ ನೆಟ್ಟಗೆ ನಿಂತಿದ್ದ.

"ಬೇಡ ಬಿಡಿ. ಸ್ಟಾಕ್ ಬಂದಾಗ ಫೋನ್ ಮಾಡಿ. ಕಾಯ್ತೀವಿ."

"ತಿಂಗಳಾಗಬಹುದ್ರಿ ಅಣ್ಣಾರ."

"ಆಗಲಿ."

ತಿಂಗಳೇ ಆಯಿತು. ಬೂಟು ಬಂದಾಗ ಕಿಟ್ಟಿ ಅದನ್ನು ಹಾಕಿಕೊಂಡು ಅಂಗಡಿಯ ಮುಂದೆ ನಿಲ್ಲಿಸಿದ್ದ ಸುಘೋಷನ ಗಾಡಿ ಮೇಲೆ ಕೂತ. ಫುಟ್‌ರೆಸ್ಟ್ ಮೇಲೆ ಎದ್ದು ನಿಂತ. ಗೇರ್ ಲಿವರಿನ ಕೆಳಗೆ ಬೂಟಿನ ದಪ್ಪ ಮೂತಿ ಹೋಗಲೇ ಇಲ್ಲ. ಬೂಟಿನ ತಪ್ಪಲ್ಲ, ಲಿವರನ್ನು ಸ್ವಲ್ಪ ಮೇಲೆ ಏರಿಸಬೇಕು ಎಂದ ಮಹದೇವ. ಬಕಲ್‌ಗಳು ನಡುವಿನ ಹಲ್ಲಿಗೆ ಬಂದು ಕೂತವು, ಬಿಗಿ ಮಾಡಲೂ ಸಡಿಲಿಸಲೂ ಜಾಗವಿತ್ತು. ಹಿಮ್ಮಡಿ ಹಿಡಿದಲ್ಲೇ ಇತ್ತು. ಪೆಟ್ಟಿನ ಪರೀಕ್ಷೆ ಪಾಸಾಗಿದೆ ಎನ್ನುವ ಸಿಇ ಗುರುತು ಒಳಪಟ್ಟಿಯಲ್ಲಿದೆಯೇ ಎಂದು ಸುಮಾ ಕನ್ನಡಕ ಹಾಕಿ ನೋಡಿದಳು. ಇತ್ತು.

ಆಮೇಲೆ ಸಂಜೆ ಸಂಜೆ ಕಿಟ್ಟಿ ಜಮಖಾನೆಯ ಮೇಲೆ ನಡೆದ. ಹೊಸ ಬೂಟು ಮೊದಮೊದಲು ಹಲಗೆಯಂತೆ ಗಟ್ಟಿ.

"ಪಕ್ಕದ ಪೋರ್ಷನ್ನವರು ಬಂದು ಜಗಳ ಆಡ್ತಾರೆ, ಮೆಲ್ಲಗೆ ಕಣೋ" ಎಂದು ಗೊಣಗುತ್ತಲೇ ರಾಮಮ್ಮ ಅವನ ಹಿಮ್ಮಡಿಯ ಮೇಲೇ ಕಣ್ಣಿಟ್ಟಿರುತ್ತಿದ್ದರು. "ಎಲ್ಲಾದ್ರೂ ಒತ್ತುತ್ತಾ? ಜೋಮು ಹಿಡಿಯುತ್ತಾ? ಈಗಲೇ ಹೇಳಿಬಿಡು. ಇನ್ನೂ ವಾಪಸ್ ತಗೋತಾರೆ."

ಕಿಟ್ಟಿ ಕೊನೆಗೆ ಹೊರಟ ಭಾನುವಾರ ಮೋಡ ಕವಿದಿತ್ತು. ಗೇರ್ ಲಿವರಿನ ಎತ್ತರವನ್ನು ಮಹದೇವನೇ ಸರಿಮಾಡುತ್ತೇನೆಂದ. ಆದರೆ ಗಾಡಿ ಪಕ್ಕ ಕುಕ್ಕರುಗಾಲಲ್ಲಿ ಕೂರಲಾಗಲಿಲ್ಲ. ಎರಡು ಸಲ ಪ್ರಯತ್ನಿಸಿ, ಸ್ಪ್ಯಾನರನ್ನು ಸುಮಾಳ ಕೈಗೆ ಕೊಟ್ಟು, ನಿಂತುಕೊಂಡೇ ಹೇಳಿಕೊಟ್ಟ. ಅವಳು ತಿರುಗಿಸಿದಳು.

ಮಧ್ಯಾಹ್ನದ ಊಟದ ಹೊತ್ತಿಗೆ ಕಿಟ್ಟಿ ಮೈಯೆಲ್ಲ ಕೆಸರಾಗಿ ಬಂದ. ಇಳಿಜಾರಿನಲ್ಲಿ ಗಾಡಿ ಜಾರಿ ಎಡಗಾಲಿನ ಮೇಲೇ ಬಿದ್ದಿತ್ತು. ಸುಘೋಷ್ ಬಂದು ಎತ್ತುವವರೆಗೆ ಕಾಲು ಅಡಿಯಲ್ಲೇ ಇತ್ತಂತೆ. ರಾಮಮ್ಮ ಮೆಟ್ಟಿಲ ಮೇಲೆ ಕೂರಿಸಿ ಬೂಟು ಬಿಚ್ಚಿಸಿದರು. ಪಾದದ ಪಕ್ಕ ಕೆಂಪಾಗಿ, ಸ್ವಲ್ಪ ಊದಿತ್ತು. ಬೆರಳು ಬೆರಳಾಗಿ ಒತ್ತಿ ನೋಡಿದರು. ಎಲ್ಲ ಬಾಗಿದವು. ಸಂಘಮಿತ್ರಾ ಬಂದು ನೋಡಿ, ಮೂಳೆಗೆ ಏನೂ ಆದಂತಿಲ್ಲ, ಆದರೂ ನಾಳೆ ಒಂದು ಎಕ್ಸ್‌ರೇ ತೆಗೆಸಿ ಎಂದಳು.

ಮನೆಯಲ್ಲಿ ಹಬ್ಬದಂಥ ಸಮಾಧಾನವೇನೂ ಹರಡಲಿಲ್ಲ. ಮಹದೇವ ಬಾಗಿಲಲ್ಲಿ ನಿಂತು ತಮ್ಮನ ಪಾದ ಮೇಲಕ್ಕೂ ಕೆಳಕ್ಕೂ ಸಲೀಸಾಗಿ ಆಡುವುದನ್ನು ನೋಡಿದ. ಒಳ್ಳೇದಾಯಿತು ಎಂದ. ಅವನ ದನಿಯಲ್ಲಿ ಸುಳ್ಳಿರಲಿಲ್ಲ. ಆಮೇಲೆ ಒಳಗೆ ಬಂದು ಹಾಸಿಗೆಯ ಮೇಲೆ ಕೂತ. ಸುಮಾ ನೀರು ತಂದುಕೊಟ್ಟಳು.

"ಅವನು ಇನ್ಮೇಲೂ ಹೋಗ್ತಾನಲ್ವಾ?" ಎಂದು ಕೇಳಿದ.

"ಹೋಗ್ತಾನೆ ಅನ್ಸುತ್ತೆ."

"ಹೋಗಲಿ. ಬೂಟು ಚೆನ್ನಾಗಿದೆ." ಲೋಟವನ್ನು ಕೆಳಗಿಟ್ಟ. "ಆದರೆ ಅವನು ಹೊರಡೋವಾಗ ನನ್ನನ್ನ ಎಬ್ಬಿಸಬೇಡ ಸುಮಾ."

ಇದನ್ನು ಓದುತ್ತಿರುವ, ಓದಿಸಿಕೊಂಡು ಕೇಳುತ್ತಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ನಿಮ್ಮ ಮನೆಯಲ್ಲೂ ಮಣ್ಣಿನ ದಾರಿಗೆ ಗಾಡಿ ತೆಗೆದುಕೊಂಡು ಹೋಗುವವರು ಇರಬಹುದು. ಹೋಗಬೇಡಿ ಎಂದರೆ ಕೇಳುವ ವಯಸ್ಸಲ್ಲ ಅದು. ಆದ್ದರಿಂದ ಇಷ್ಟು ಕೇಳಿ. ಕಾಲಿಗೆ ಬೂಟು ಇದ್ದರೆ ಸಾಲದು, ಅದು ಅವರದೇ ಕಾಲಿಗೆ ಹೊಂದಬೇಕು. ಅಣ್ಣನದು, ಗೆಳೆಯನದು, ಒಮ್ಮೆ ಬಿದ್ದು ಎದ್ದದ್ದು ಬೇಡ. ಸಂಜೆ ಹೊತ್ತು, ಗಾಡಿ ಮೇಲೆ ಹಾಕುವ ಸಾಕ್ಸ್ ಹಾಕಿಕೊಂಡು, ಎರಡೂ ಪಾದ ಅಳೆಸಿ. ಬೆರಳಿಗೆ ಆಡಲು ಜಾಗವಿರಲಿ, ಹಿಮ್ಮಡಿ ಏಳದಿರಲಿ, ಬಕಲ್ ನಡುವಿನ ಹಲ್ಲಿಗೆ ಕೂರಲಿ. ಇಷ್ಟೆಲ್ಲ ಮಾಡಿದರೂ ಬಿದ್ದವರಿಗೆ ಏಟೇ ಆಗುವುದಿಲ್ಲ ಎಂದು ಯಾವ ಬೂಟೂ ಮಾತು ಕೊಡುವುದಿಲ್ಲ. ಸರಿಯಾದ ಬೂಟು ಏಟಿನ ಬಹುಪಾಲನ್ನು ತಾನು ತೆಗೆದುಕೊಳ್ಳಬಹುದು, ಅಷ್ಟೇ. ಸಡಿಲ ಬೂಟು ಅದನ್ನೂ ಮಾಡುವುದಿಲ್ಲ.

ಅಂಗಡಿಯಲ್ಲಿ ನಿಮ್ಮ ಅಳತೆ ಇಲ್ಲವೆಂದರೆ ಬರಿಗೈಯಲ್ಲಿ ವಾಪಸ್ ಬನ್ನಿ. ಹೊಸ ಬೂಟು ತಂದರೆ ಡಬ್ಬಿಯಲ್ಲೇ ಇಡಬೇಡಿ. ಮನೆಯ ಹಿರಿಯರೇ, ನಿಮ್ಮಲ್ಲಿ ವಿಶೇಷವಾಗಿ ಒಂದು ಕೋರಿಕೆ: ದೇವರ ಮನೆಯ ಬಾಗಿಲು ಮುಚ್ಚಿ, ಹಳೆಯದೇನಾದರೂ ಹಾಸಿ, ಒಂದು ಸಂಜೆ ಆ ಬೂಟನ್ನು ಒಳಗೆ ಬಿಟ್ಟುಕೊಳ್ಳಿ. ನಡೆಯುವವರ ಮುಖ ನೋಡುತ್ತಾ ಕೂರಿ. ಎಲ್ಲಿ ಒತ್ತುತ್ತದೆ, ಎಲ್ಲಿ ಸಡಿಲ ಎಂದು ಕೇಳಿ. ಬದಲಾಯಿಸುವ ಗಡುವು ಮುಗಿಯುವ ಮೊದಲೇ ಕೇಳಿ.